ಬಿರುಕಿನ ವಯಸ್ಸು

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಲೋಹದ ಕಡ್ಡಿಗಳನ್ನು ಎಳೆದು ಮುರಿಯುವ ಯಂತ್ರವೊಂದಿದೆ. ಎರಡು ದವಡೆಗಳ ನಡುವೆ ಕಡ್ಡಿಯನ್ನು ಕಚ್ಚಿಸಿ ಗುಂಡಿ ಒತ್ತಿದರೆ ಅದು ಯಾವ ಗಡಿಬಿಡಿಯೂ ಇಲ್ಲದೆ ಎಳೆಯತೊಡಗುತ್ತದೆ. ಕಡ್ಡಿ ತಡೆಯುವಷ್ಟು ತಡೆದು ಒಮ್ಮೆಲೇ ಢಬ್ ಎಂದು ಎರಡಾಗುತ್ತದೆ. ಹುಡುಗರು ಆ ಸದ್ದಿಗಾಗಿ ಕಾದು ನಿಂತಿರುತ್ತಾರೆ; ಸದ್ದಾಯಿತೆಂದರೆ ಅವರ ಪಾಲಿಗೆ ಪ್ರಯೋಗ ಮುಗಿಯಿತು, ಮೊಬೈಲು ಹೊರಬರುತ್ತದೆ. ನನ್ನ ಕೆಲಸ ಶುರುವಾಗುವುದೇ ಆಮೇಲೆ. ತುಂಡುಗಳನ್ನು ಎತ್ತಿಕೊಂಡು ಮುರಿದ ಮುಖಗಳನ್ನು ಬೆಳಕಿಗೆ ಹಿಡಿಯುತ್ತೇನೆ. ಲೋಹ ಹೇಗೆ ಸತ್ತಿತು ಎಂಬುದು ಆ ಮುಖದ ಮೇಲೆ ಇರುತ್ತದೆ. ಹೊಸಪೇಟೆಯಲ್ಲಿ ಮೆಕ್ಯಾನಿಕಲ್ ವಿಭಾಗದ ಹುಡುಗರಿಗೆ ಇದನ್ನು ಕಲಿಸುತ್ತ ಕಲಿಸುತ್ತ ನನ್ನ ತಲೆ ಅರ್ಧ ನರೆತಿದೆ.

ನನ್ನ ಸ್ವಂತ ಸಂಶೋಧನೆ ಬೂದಿಯದು. ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಸುಟ್ಟು ಉಳಿದ ಬೂದಿಯನ್ನು ಚೀಲದಲ್ಲಿ ತಂದು, ಜರಡಿ ಹಿಡಿದು, ಕರಗಿದ ಅಲ್ಯೂಮಿನಿಯಮ್ಮಿಗೆ ಸುರಿದು, ಕಲಕಿ ಎರಕ ಹೊಯ್ಯುತ್ತೇನೆ. ಅದಕ್ಕೂ ಮೊದಲು ಸಂಡೂರಿನ ಅದಿರಿನ ಕೆಂಪು ಧೂಳು ಬೆರೆಸಿ ನೋಡಿದ್ದೆ. ಅದು ನನ್ನ ಸೀರೆಗಳನ್ನು ಹಾಳು ಮಾಡಿತೇ ಹೊರತು ಲೋಹಕ್ಕೆ ಹೇಳಿಕೊಳ್ಳುವಂಥ ಉಪಕಾರ ಮಾಡಲಿಲ್ಲ. ಬೂದಿ ಪರವಾಗಿಲ್ಲ. ಅದರ ಕಣಗಳು ಲೋಹದೊಳಗೆ ಸಮನಾಗಿ ಹರಡಿ ಕೂತರೆ ಅಲ್ಯೂಮಿನಿಯಂ ಗಟ್ಟಿಯಾಗುತ್ತದೆ, ಸವೆತ ತಡೆಯುತ್ತದೆ. ಆದರೆ ಗಟ್ಟಿಯಾದಷ್ಟೂ ಬಾಗುವ ಗುಣ ಕಳೆದುಕೊಳ್ಳುತ್ತದೆ. ಬರಿಯ ಅಲ್ಯೂಮಿನಿಯಂ ಮುರಿಯುವ ಮುನ್ನ ಹಿಗ್ಗುತ್ತದೆ, ಸೊಂಟ ಸಣ್ಣಗಾಗುತ್ತದೆ, ನೋಡುವವರಿಗೆ ಮುನ್ಸೂಚನೆ ಕೊಡುತ್ತದೆ. ಬೂದಿ ಕೂಡಿದ್ದು ಏನನ್ನೂ ಹೇಳದೆ ಮುರಿಯುತ್ತದೆ.

ಇಂಥದ್ದನ್ನು ಜೋಡಿಸುವುದು ಇನ್ನೊಂದು ಗೋಳು. ಬೆಂಕಿ ಕೊಟ್ಟು ಕರಗಿಸಿ ಬೆಸೆಯಲು ಹೋದರೆ ಕಣಗಳೆಲ್ಲ ಒಂದು ಮೂಲೆಗೆ ಗುಂಪುಗಟ್ಟುತ್ತವೆ, ನಡುವೆ ಗಾಳಿಗುಳ್ಳೆಗಳು ಉಳಿಯುತ್ತವೆ. ಅದಕ್ಕೇ ಕರಗಿಸದೆ ಜೋಡಿಸುವ ವಿಧಾನವೊಂದಿದೆ. ಗರಗರ ತಿರುಗುವ ಉಕ್ಕಿನ ಮೊಳೆಯನ್ನು ಎರಡು ಫಲಕಗಳ ಸಂದಿಗೆ ಒತ್ತಿ ಉದ್ದಕ್ಕೂ ಒಯ್ದರೆ, ಉಜ್ಜಿದ ಬಿಸಿಗೆ ಲೋಹ ಮೆತ್ತಗಾಗಿ ಕಣಕದ ಹಿಟ್ಟಿನ ಹಾಗೆ ಒಂದರೊಳಗೊಂದು ಸೇರುತ್ತದೆ. ಚೆನ್ನಾಗಿ ಮಾಡಿದರೆ ಬೆಸುಗೆ ಬಿಡುವುದಿಲ್ಲ. ಎಳೆದಾಗ ಮುರಿಯುವುದು ಹೆಚ್ಚಾಗಿ ಅದರ ಪಕ್ಕದಲ್ಲಿ, ಬಿಸಿ ತಾಗಿ ಸೋತ ಜಾಗದಲ್ಲಿ. ಬೆಸುಗೆ ನೋಡಬೇಡಿ, ಪಕ್ಕ ನೋಡಿ ಎಂದು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತೇನೆ. ಇದನ್ನೇ ಬದುಕಿಗೆ ಹೋಲಿಸಿ ಭಾಷಣ ಬಿಗಿಯುವ ಸಹೋದ್ಯೋಗಿಗಳಿದ್ದಾರೆ. ನನಗೆ ಆ ಚಟವಿಲ್ಲ. ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಮುರಿದದ್ದರ ವಿಷಯ ಹೇಳಬೇಕಾಗಿದೆ ಎಂದು.

ಮನೆಯಲ್ಲಿರುವುದು ಅಪ್ಪ ಮತ್ತು ನಾನು. ಅಪ್ಪ ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಾನು ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುತ್ತಿದ್ದವರೆಲ್ಲ ಈಗ ದಣಿದು ಸುಮ್ಮನಾಗಿದ್ದಾರೆ. ಅಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಹೊಟ್ಟೆಯಲ್ಲಿ ಗಡ್ಡೆ ಎಂದರು, ಬಳ್ಳಾರಿಯಲ್ಲಿ ಆಪರೇಷನ್ ಆಯಿತು, ಅಮ್ಮ ವಾಪಸು ಬರಲಿಲ್ಲ. ಆ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿದ್ದೆ. ಅಪ್ಪ ಆಸ್ಪತ್ರೆಗೆ ಬಂದಿರಲಿಲ್ಲ, ಮನೆಯಲ್ಲಿ ದೇವರ ಮುಂದೆ ಕೂತಿದ್ದರು. ಹಾಗೆ ಹೇಳಿ ಹೋದವಳು ಅಮ್ಮನೇ. "ನೀವು ಇಲ್ಲೇ ಆತನ ಮುಂದ ಕುಂದ್ರಿ. ಅಲ್ಲಿಗೆ ಬಂದು ಏನ್ ಮಾಡೋರಿದ್ದೀರಿ?" ಎಂದಿದ್ದಳು. ಅಪ್ಪ ಬೆಳಗಿನಿಂದ ನೀರೂ ಮುಟ್ಟದೆ ಕೂತಿದ್ದರಂತೆ. ನಾನು ಫೋನ್ ಮಾಡಿದಾಗ ಎತ್ತಿದ್ದು ಪಕ್ಕದ ಮನೆಯವರು.

ಅಪ್ಪ ಕೂತಿದ್ದು ನಮ್ಮ ವೇಣುಗೋಪಾಲನ ಮುಂದೆ. ಮೊಳಕ್ಕಿಂತ ಗಿಡ್ಡದಾದ ಪಂಚಲೋಹದ ವಿಗ್ರಹ, ಅಪ್ಪನ ಮುತ್ತಜ್ಜನ ಕಾಲದಿಂದ ಬಂದದ್ದು. ಎರಡೂ ಕೈ ಎತ್ತಿ ಕೊಳಲು ಹಿಡಿದ ಭಂಗಿ. ಮೊದಲೆಲ್ಲ ಅಪ್ಪ ಅಭಿಷೇಕ ಮಾಡುತ್ತ ದೇವರನಾಮ ಹಾಡುತ್ತಿದ್ದರು. ಸ್ವರ ಅಷ್ಟಕ್ಕಷ್ಟೇ, ಆದರೆ ಓಣಿಗೆಲ್ಲ ಕೇಳುತ್ತಿತ್ತು. ಅಮ್ಮ ಹೋದ ಮೇಲೆ ಹಾಡು ನಿಂತಿತು. ಪೂಜೆ ನಿಲ್ಲಲಿಲ್ಲ. ಮಡಿಯುಟ್ಟು, ಮಂತ್ರ ಹೇಳಿ, ನೀರೆರೆದು, ಒರೆಸಿ, ಗಂಧ ಹಚ್ಚಿ, ಒಂದೂ ತಪ್ಪದಂತೆ ಎಲ್ಲವನ್ನೂ ಮಾಡಿ ಎದ್ದು ಬರುತ್ತಿದ್ದರು, ಫೈಲು ವಿಲೇವಾರಿ ಮಾಡಿದವರ ಹಾಗೆ. ದುಃಖ, ಇರಲಿ ಎಂದುಕೊಂಡಿದ್ದೆ. ಅದು ಬರೀ ದುಃಖವಲ್ಲ ಎಂದು ತಿಳಿಯಲು ನನಗೆ ಬಹಳ ಸಮಯ ಹಿಡಿಯಿತು.

ಅದೇ ಸುಮಾರಿಗೆ ಅವರ ಕೈ ನಡುಗತೊಡಗಿತ್ತು. ಮಾತ್ರೆ ಕೊಟ್ಟರು; ಮಾತ್ರೆಗೆ ನಿದ್ದೆ ಬರುತ್ತಿತ್ತು, ನಡುಕ ಹೋಗುತ್ತಿರಲಿಲ್ಲ. ದೊಡ್ಡಪ್ಪನ ಮಗ ಹಂಪಿಯಲ್ಲಿ ಅರ್ಚಕ, ನನಗೆ ಅಣ್ಣನಾಗಬೇಕು. ಗೋಕುಲಾಷ್ಟಮಿಗೆ ಬಳಗವೆಲ್ಲ ನಮ್ಮ ಮನೆಯಲ್ಲಿ ಸೇರುವುದು ರೂಢಿ. ಆಗೆಲ್ಲ ಅವನು ಅಪ್ಪನ ಕೈಯನ್ನೇ ನೋಡುತ್ತಿದ್ದ. "ಕಾಕಾ, ಎಷ್ಟು ದಿನಾ ಅಂತ ಕಷ್ಟ ಪಡ್ತೀರಿ? ಸ್ವಾಮಿನ್ನ ನಮ್ಮ ಮನಿಗೆ ಕಳಸ್ರಿ, ನಾನು ನೋಡ್ಕೋತೀನಿ" ಎನ್ನುತ್ತಿದ್ದ. ಕೆಟ್ಟವನಲ್ಲ. ಅವನ ಮಾತಿನಲ್ಲಿ ನ್ಯಾಯವೂ ಇತ್ತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಅಪ್ಪನ ನಂತರ ಪೂಜೆ ಯಾರು ಮಾಡುವವರು? ಆದರೆ ಅಪ್ಪ "ಕೈ ಇರೋತನಕ ಇರ್ಲಿ ಬಿಡಪ್ಪಾ" ಎಂದು ಮಾತು ಮುಗಿಸುತ್ತಿದ್ದರು. ಆ ವಿಗ್ರಹವೂ ಹೋದರೆ ಅಪ್ಪನಿಗೆ ಬೆಳಿಗ್ಗೆ ಏಳಲು ಕಾರಣವೇ ಉಳಿಯುವುದಿಲ್ಲ ಎಂಬುದು ನನ್ನ ಭಯವಾಗಿತ್ತು.

ಶ್ರಾವಣ ಹತ್ತಿರ ಬರುತ್ತಿದ್ದ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ದೇವರ ಮನೆಯಿಂದ ಲೋಹ ಕಲ್ಲಿಗೆ ಬಡಿದ ಸದ್ದು ಕೇಳಿತು. ತಂಬಿಗೆಯ ಸದ್ದಲ್ಲ ಎಂದು ತಕ್ಷಣ ಗೊತ್ತಾಯಿತು. ಇಷ್ಟು ವರ್ಷ ಸದ್ದು ಕೇಳಿಯೇ ಬದುಕಿದವಳು ನಾನು. ಓಡಿ ಹೋದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ವೇಣುಗೋಪಾಲ. ಬಲಗೈ ಮೊಣಕೈಯ ಹತ್ತಿರ ಮುರಿದು, ಎಡಗೈಯಿಂದ ಕಳಚಿದ ಕೊಳಲಿನ ಸಮೇತ ನೀರು ಹೋಗುವ ತೂಬಿನ ಬಳಿ ಬಿದ್ದಿತ್ತು.

"ಅಪ್ಪಾ, ನಿಮಗ ಏನೂ ಆಗಿಲ್ಲಲ್ಲ?"

"ನನಗ ಏನಾಗ್ತದ? ಆತನ್ನ ನೋಡು."

"ಸುಮ್ಕಿರ್ರಿ. ಜೋಡಸಾಕ ಬರ್ತದ."

ಅಪ್ಪ ನನ್ನನ್ನು ನೋಡಿದರು. "ನನ್ನ ಕೈಯಾರೆ ಮುರಿದೆ. ನನ್ನ ಕೈಯಾರೆ" ಎಂದರು. ಅಮ್ಮ ಹೋದಾಗಲೂ ಅವರು ಎಲ್ಲರೆದುರು ಅತ್ತವರಲ್ಲ. ಅವತ್ತು ಮಡಿಪಂಚೆಯ ಅಂಚಿನಲ್ಲಿ ಮುಖ ಒರೆಸಿಕೊಂಡರು.

ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ. ಇದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಕೈ ಹೋದ ದೇವರು ಎಷ್ಟೇ ಹಳೆಯದಿರಲಿ, ಹೊಳೆಗೆ ಬಿಡುತ್ತಾರೆ ಅಥವಾ ಸರಿಪಡಿಸುತ್ತಾರೆ. ಸರಿಪಡಿಸುವುದಾದರೆ ಬೆಂಕಿ ತೋರಿಸಬೇಕು. ದೇವರನ್ನು ಒಳಗಿಟ್ಟುಕೊಂಡು ಮೂರ್ತಿಗೆ ಬೆಂಕಿ ತೋರಿಸುವಂತಿಲ್ಲ. ಮೊದಲು ದೇವರನ್ನು ಮೂರ್ತಿಯಿಂದ ಕಲಶದ ನೀರಿಗೆ ಕರೆಯಬೇಕು, ಕೆಲಸ ಮುಗಿದ ಮೇಲೆ ನೀರಿನಿಂದ ಮೂರ್ತಿಗೆ ಮರಳಿ ಕಳಿಸಬೇಕು. ಕರೆದವರೇ ಕಳಿಸಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಬೇರೆ ಯಾರನ್ನಾದರೂ ಕರೆಸೋಣವೇ ಎಂದು ಕೇಳುವ ಪ್ರಶ್ನೆಯೇ ಬರಲಿಲ್ಲ. ಹಂಪಿಗೆ ಸುದ್ದಿ ಹೋದರೆ ಅಣ್ಣ ಅವತ್ತೇ ಕಾರು ತಂದು ನಿಲ್ಲಿಸುತ್ತಿದ್ದ.

ಒಂದು ವಾರದ ಮೇಲೆ, ಭಾನುವಾರ ಬೆಳಿಗ್ಗೆ, ಅಪ್ಪ ತಾಮ್ರದ ಬಿಂದಿಗೆಯಲ್ಲಿ ನೀರು ತುಂಬಿ, ಮಾವಿನೆಲೆ, ತೆಂಗಿನಕಾಯಿ ಇಟ್ಟು ಮಂತ್ರ ಹೇಳಿದರು. ದರ್ಭೆಯ ಒಂದು ತುದಿ ಮೂರ್ತಿಯ ಎದೆಗೆ, ಇನ್ನೊಂದು ತುದಿ ಕಲಶಕ್ಕೆ. ನಡುಗುವ ಕೈಯಲ್ಲಿ ದರ್ಭೆ ಮತ್ತೆ ಮತ್ತೆ ಜಾರುತ್ತಿತ್ತು. ಮುಗಿದ ಮೇಲೆ ಮೂರ್ತಿಯನ್ನೂ ಮುರಿದ ಕೈಯನ್ನೂ ಹಳೆಯ ಪಂಚೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ತಗೋಮ್ಮಾ. ಈಗ ಇದು ಬರೇ ಲೋಹ. ನಿನ್ನ ಪಾಲಿಂದು."

ನಾನು ದೇವರನ್ನು ನಂಬುತ್ತೇನೋ ಇಲ್ಲವೋ ಎಂದು ಯಾರೂ ಕೇಳಿಲ್ಲ, ನಾನೂ ಕೇಳಿಕೊಂಡಿಲ್ಲ. ಆದರೆ ಆ ಗಂಟನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಲು ಮನಸ್ಸು ಬರಲಿಲ್ಲ. ಎದೆಗೆ ಕಟ್ಟಿಕೊಂಡು ಹೋದೆ. ಮರಿಯಮ್ಮನಹಳ್ಳಿ ಕಡೆಯಿಂದ ಬರುವ ಲಾರಿಗಳ ನಡುವೆ ಅಷ್ಟು ನಿಧಾನವಾಗಿ ನಾನು ಯಾವತ್ತೂ ಗಾಡಿ ಓಡಿಸಿಲ್ಲ.

ರಜೆಯ ದಿನ, ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಹೇಗೆ ಜೋಡಿಸಬೇಕೆಂದು ಆಗಲೇ ತೀರ್ಮಾನಿಸಿದ್ದೆ. ನನ್ನ ಮೆಚ್ಚಿನ ತಿರುಗುವ ಮೊಳೆಯ ವಿಧಾನ ಇಲ್ಲಿ ಕೆಲಸಕ್ಕೆ ಬಾರದು. ಅದು ಒತ್ತುವ ಒತ್ತಡಕ್ಕೆ ಈ ಪುಟ್ಟ ಕೈ ಅಪ್ಪಚ್ಚಿಯಾಗುತ್ತದೆ. ಅಂಚುಗಳನ್ನೇ ಕರಗಿಸಿ ಬೆಸೆದರೆ ಬೆರಳುಗಳ ರೂಪ ಕೆಡಬಹುದು. ಸೀಸದ ಬೆಸುಗೆ ಮೆತ್ತಗೆ, ಅಪ್ಪ ಒಪ್ಪುವುದೂ ಇಲ್ಲ. ಉಳಿದದ್ದು ಬೆಳ್ಳಿ ಬೆಸುಗೆ. ಬೆಳ್ಳಿ ಸೇರಿದ ತಂತಿ ಪಂಚಲೋಹಕ್ಕಿಂತ ಬೇಗ ಕರಗುತ್ತದೆ. ಎರಡು ಮುಖಗಳ ನಡುವೆ ಕಾಗದದಷ್ಟು ಸಂದಿ ಬಿಟ್ಟು ಕಾಯಿಸಿದರೆ, ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಆ ಸಂದಿ ಕರಗಿದ ಬೆಳ್ಳಿಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಪರೀಕ್ಷೆ ಮಾಡದ ಬೆಸುಗೆಯನ್ನು ನಾನು ನಂಬುವವಳಲ್ಲ. ಹಿಂದಿನ ವಾರವಿಡೀ ಕಂಚಿನ ಕಡ್ಡಿಗಳನ್ನು ಹೀಗೇ ಬೆಸೆದು ಯಂತ್ರಕ್ಕೆ ಕೊಟ್ಟು ಎಳೆಸಿದ್ದೆ. ಕೊನೆಕೊನೆಯವು ಬೆಸುಗೆಯಲ್ಲಿ ಬಿಡದೆ ಪಕ್ಕದ ಕಂಚಿನಲ್ಲೇ ಮುರಿದಿದ್ದವು.

ಕೆಲಸಕ್ಕೆ ಮುನ್ನ ಅಭ್ಯಾಸಬಲದಿಂದ ಮುರಿದ ಮುಖವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನೋಡಿದ್ದೇ ಕುರ್ಚಿಯಿಂದ ಎದ್ದು ನಿಂತೆ. ಮುಖದ ಅಂಚಿನ ಒಂದು ಪಟ್ಟಿ ಮಾತ್ರ ಹೊಸದಾಗಿ, ಹಳದಿಯಾಗಿ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಕಪ್ಪು, ಅಲ್ಲಲ್ಲಿ ಕಿಲುಬಿನ ಹಸಿರು. ಎರಕ ಹೊಯ್ದವರ ಕಾಲದಲ್ಲೇ ಒಳಗೆ ಉಳಿದಿದ್ದ ಗಾಳಿಗುಳ್ಳೆಯೊಂದು ಕಂಡಿತು. ಅಲ್ಲಿಂದ ಹೊರಟ ಬಿರುಕು ಮೆಲ್ಲಮೆಲ್ಲನೆ, ಎತ್ತಿ ಇಳಿಸಿದಾಗಲೆಲ್ಲ ಇಷ್ಟಿಷ್ಟೇ ಮುಂದುವರಿದಿತ್ತು. ಅದು ನಿಂತು ನಿಂತು ಹೋದ ಗೆರೆಗಳೂ ಇದ್ದವು. ಅಭಿಷೇಕದ ಹಾಲು, ಎಣ್ಣೆ, ತಿಕ್ಕುವ ಹುಣಸೆಹುಳಿ ಎಲ್ಲ ಅದರೊಳಗೆ ಇಳಿದು ಕಪ್ಪಾಗಿದ್ದವು. ಹೊರಗಿನಿಂದ ಗಂಧದ ಕೆಳಗೆ ಯಾರಿಗೂ ಕಂಡಿರಲಿಲ್ಲ. ಆ ಕೈ ಎಂದೋ ಮುರಿದಿತ್ತು. ಅಪ್ಪನ ಕೈಯಿಂದ ಜಾರಿದ್ದು ಉಳಿದ ಅಂಚನ್ನು ಬಿಡಿಸಿತ್ತು, ಅಷ್ಟೇ.

ನನಗೆ ಎಂಥ ಸಂತೋಷವಾಯಿತೆಂದರೆ, ಖಾಲಿ ಪ್ರಯೋಗಾಲಯದಲ್ಲಿ ಒಬ್ಬಳೇ ನಕ್ಕೆ. ಫೋನಿನಲ್ಲಿ ಚಿತ್ರ ತೆಗೆದುಕೊಂಡೆ. ಆಮೇಲೆ ಮುಖಗಳನ್ನು ಅರದಿಂದ ಉಜ್ಜಿ ಕಪ್ಪೆಲ್ಲ ಕಳೆದೆ. ಕೊಳೆ ಇರುವಲ್ಲಿ ಬೆಳ್ಳಿ ಹಿಡಿಯುವುದಿಲ್ಲ. ಬೆಳ್ಳಿ ಸರಾಗ ಹರಿಯಲೆಂದು ಬಿಳಿಗಾರದ ಹಿಟ್ಟು ಸವರಿ, ಕೈಯನ್ನು ಅದರ ಜಾಗದಲ್ಲಿ ನಿಲ್ಲಿಸಿ, ಜ್ವಾಲೆ ಹಿಡಿದೆ. ಲೋಹ ಮಬ್ಬುಗೆಂಪಾಯಿತು, ತಂತಿ ತಾಗಿಸಿದೆ, ಬೆಳ್ಳಿ ಒಂದು ಕ್ಷಣ ಮಣಿಯಾಗಿ ನಿಂತು ಸರಕ್ಕನೆ ಸಂದಿಯೊಳಗೆ ಹೋಯಿತು. ನನ್ನ ಕೈ ನಡುಗಲಿಲ್ಲ. ಆರಿದ ಮೇಲೆ ಉಜ್ಜಿ ಹೊಳಪು ಕೊಟ್ಟೆ. ನಾನು ಮಾಡಿದ ಬೆಸುಗೆಗಳಲ್ಲೆಲ್ಲ ಅದು ಒಳ್ಳೆಯದು, ಈಗಲೂ ಹಾಗೇ ಹೇಳುತ್ತೇನೆ.

ಮನೆಗೆ ಬಂದವಳು ಮೊದಲು ತೋರಿಸಿದ್ದು ಮೂರ್ತಿಯನ್ನಲ್ಲ, ಫೋನಿನ ಚಿತ್ರವನ್ನು. ಕಪ್ಪು ಯಾವುದು, ಹೊಸದು ಯಾವುದು ಎಂದು ಬೆರಳಿಟ್ಟು ತೋರಿಸಿದೆ. "ನಿಮ್ಮ ಕೈಯಿಂದ ಮುರದಿದ್ದಲ್ಲಪ್ಪಾ ಇದು. ಭಾಳ ಹಳೇ ಬಿರುಕು. ಯಾರ ಕೈಯಾಗಿದ್ರೂ ಒಂದಿನ ಬೀಳೋದಽ" ಎಂದೆ. ಅವರ ಮುಖ ಅರಳುವುದನ್ನು ನೋಡಲು ಕಾದೆ.

ಅಪ್ಪ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

"ಹಂಗಾದ್ರ ಇಷ್ಟು ವರ್ಷ ನಾ ಪೂಜಿ ಮಾಡಿದ್ದು ಭಿನ್ನ ಮೂರ್ತಿಗೇನು?"

ಆ ದಿಕ್ಕಿನಿಂದ ನಾನು ಯೋಚಿಸಿಯೇ ಇರಲಿಲ್ಲ. ನನಗೆ ಬಿರುಕು ಎಂದರೆ ಕಾರಣ. ಕಾರಣ ಸಿಕ್ಕರೆ ಅಪವಾದ ಹೋಗುತ್ತದೆ. ಅಪ್ಪನಿಗೆ ಬಿರುಕು ಎಂದರೆ ದೇವರು ಇರದ ಮನೆ.

"ಒಳಗಿನ ಬಿರುಕು ಲೆಕ್ಕಕ್ಕ ಬರಂಗಿಲ್ಲಪ್ಪಾ. ಹೊರಗ ಕಾಣ್ತಿರಲಿಲ್ಲ."

"ನಮಗ ಕಾಣ್ತಿರಲಿಲ್ಲ" ಎಂದರು ಅಪ್ಪ. ಮೂರ್ತಿಯನ್ನು ಕೈಗೆ ತೆಗೆದುಕೊಂಡು, ಬೆಸೆದ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಚೊಲೋ ಮಾಡೀದಿ" ಎಂದರು. ಅದನ್ನು ದೇವರ ಮನೆಗೆ ಒಯ್ಯದೆ ಪಡಸಾಲೆಯ ಗೂಡಿನಲ್ಲಿ ಇಟ್ಟು ಮಲಗಲು ಹೋದರು.

ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಅವರ ಮೇಲೆಯೇ ಬಂತು. ನಿಮ್ಮ ತಪ್ಪಲ್ಲ ಎಂದು ಸಾಕ್ಷಿ ಸಮೇತ ತಂದು ಕೊಟ್ಟರೆ, ಹಿಡಿಯಷ್ಟು ದುಃಖವನ್ನು ಬಿಟ್ಟು ಬುಟ್ಟಿಯಷ್ಟು ತಲೆಮೇಲೆ ಹೊತ್ತುಕೊಳ್ಳುವ ಮನುಷ್ಯನಿಗೆ ಏನು ಮಾಡುವುದು?

ಆಮೇಲಿನ ದಿನಗಳು ಹಾಗೇ ಹೋದವು. ಅಪ್ಪ ಬೆಳಿಗ್ಗೆ ಮಡಿಯುಟ್ಟು ಕಲಶಕ್ಕೆ ಒಂದು ಹೂವೇರಿಸಿ ಎದ್ದು ಬರುತ್ತಿದ್ದರು. ಮಾವಿನೆಲೆಗಳು ಒಣಗಿ ಸುರುಳಿಯಾದವು. ಮೂರ್ತಿ ಗೂಡಿನಲ್ಲಿ, ಕರೆಂಟ್ ಬಿಲ್ಲು ಮತ್ತು ಮಾತ್ರೆ ಡಬ್ಬಿಯ ಪಕ್ಕದಲ್ಲಿ, ಕೊಳಲು ಹಿಡಿದು ನಿಂತಿತ್ತು. ಯಾವಾಗ ಕೂಡಿಸ್ತೀರಿ ಎಂದು ನಾನು ಕೇಳುವುದು, ನೋಡೋಣ ಎಂದು ಅವರು ಹೇಳುವುದು. ಊಟ ಕಡಿಮೆಯಾಯಿತು. ಅಷ್ಟಮಿ ಹತ್ತಿರ ಬಂತು. ಹಂಪಿಯಿಂದ ಅಣ್ಣನ ಫೋನ್ ಬಂತು. ನಾವೆಲ್ಲ ಬರ್ತೀವಿ, ಕಾಕಾಗ ಕೈ ಹೆಂಗದ, ಈ ಸರ್ತಿ ಮಾತಾಡಿ ಬಿಡೋಣ ಎಂದ. ಸ್ಪೀಕರಿನಲ್ಲಿ ಅಪ್ಪನೂ ಕೇಳಿದರು. "ಒಯ್ಯಲಿ ಬಿಡು. ಬಿಂದಿಗಿ, ಗೊಂಬಿ ಎರಡೂ ಒಯ್ಯಲಿ" ಎಂದರು. ಗೊಂಬೆ ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಸಂಜೆ ಕಾಲೇಜಿನಿಂದ ಬಂದು ಚಹಾ ಮಾಡಿ ಪಡಸಾಲೆಗೆ ತಂದೆ. ಅಪ್ಪ ಲೋಟ ಮುಟ್ಟಲಿಲ್ಲ.

"ಆ ಫೋಟೋ ಇನ್ನೊಮ್ಮೆ ತೋರ್ಸು" ಎಂದರು. ತೋರಿಸಿದೆ. ಗೆರೆಗಳ ಮೇಲೆ ಬೆರಳಿಟ್ಟರು. ಬೆರಳು ನಡುಗಿ ಚಿತ್ರ ಅತ್ತಿತ್ತ ಸರಿಯುತ್ತಿತ್ತು. "ಈ ಬಿರುಕು ಯಾವಾಗ ಆಗಿದ್ದು ಅಂತ ಹೇಳಾಕ ಬರ್ತದೇನು?"

"ಹಳೇದು ಅಂತ ಹೇಳಬಹುದು."

"ಎಷ್ಟು ಹಳೇದು?" ಅವರೇ ಮುಂದುವರಿಸಿದರು, "ನಿಮ್ಮಮ್ಮನ ಆಪರೇಷನ್ ಆತಲ್ಲ, ಆವತ್ತು ಇತ್ತೇನು?"

ನಾನು ಅವರ ಮುಖ ನೋಡಿದೆ. ಅವರು ಗೂಡಿನ ಕಡೆ ನೋಡುತ್ತಿದ್ದರು.

"ಇತ್ತು ಅಂದ್ರ, ಆತ ಅದ್ರಾಗ ಇರಲಿಲ್ಲ. ನಾ ಕೇಳಿದ್ದು ಆತಗ ಮುಟ್ಟಲಿಲ್ಲ. ಇರಲಿಲ್ಲ ಅಂದ್ರ..." ಚಹಾದ ಲೋಟ ಪಕ್ಕಕ್ಕೆ ಸರಿಸಿದರು. "ಇರಲಿಲ್ಲ ಅಂದ್ರ, ಆತ ಎಲ್ಲಾ ಕೇಳ್ಯಾನ. ಇಡೀ ದಿನಾ ನಾ ಬೇಡಿಕೊಂಡಿದ್ದು ಕೇಳಿ, ಕೊಡಂಗಿಲ್ಲ ಅಂದಾನ. ಹೌದಲ್ಲ?"

ಹಾಡು ಯಾಕೆ ನಿಂತಿತು ಎಂದು ಆ ಸಂಜೆ ನನಗೆ ಅರ್ಥವಾಯಿತು. ಇಷ್ಟು ವರ್ಷ ಈ ಮನುಷ್ಯ ದಿನವೂ ನೀರೆರೆದು, ಒರೆಸಿ, ಗಂಧ ಹಚ್ಚಿದ್ದು ತನ್ನ ಮಾತು ಕೇಳಿಯೂ ನಡೆಸಿಕೊಡದವನಿಗೆ. ಬಿಡಲಾಗದೆ ಮಾಡಿದ್ದರು, ಅವನನ್ನು ಕ್ಷಮಿಸಿ ಮಾಡಿದ್ದಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ನನಗೂ.

ಬಿರುಕಿಗೆ ವಯಸ್ಸು ಹಚ್ಚಲು ಬರುವುದಿಲ್ಲ. ಗೆರೆಗಳು ಮರದ ಉಂಗುರಗಳಲ್ಲ. ಒಂದೊಂದು ಗೆರೆಗೂ ಒಂದೊಂದು ವರ್ಷ ಎಂದು ಲೆಕ್ಕವಿಲ್ಲ. ಕಪ್ಪು ಎಷ್ಟು ದಿನಕ್ಕೆ ಎಷ್ಟು ಕೂಡುತ್ತದೆ ಎಂಬುದು ಎಣ್ಣೆ, ಹುಳಿ, ಗಾಳಿ ಎಲ್ಲದರ ಮೇಲೆ ಹೋಗುತ್ತದೆ. ಆ ಬಿರುಕು ಅಪ್ಪನ ಮುತ್ತಜ್ಜನ ಕಾಲದ್ದಿರಬಹುದು. ಅಮ್ಮ ಹೋದ ಮೇಲೆ, ಅಪ್ಪನ ಕೈ ನಡುಗತೊಡಗಿದ ಮೇಲೆ ಶುರುವಾದದ್ದೂ ಇರಬಹುದು. ಪರೀಕ್ಷಿಸಿ ನೋಡೋಣವೆಂದರೆ ಆ ಕಪ್ಪನ್ನೆಲ್ಲ ನಾನೇ ಅರ ಹಾಕಿ ಉಜ್ಜಿಬಿಟ್ಟಿದ್ದೆ. ಉಳಿದದ್ದು ಒಂದು ಚಿತ್ರ. ಚಿತ್ರದಿಂದ ಏನೂ ಹೇಳಲಾಗದು. ಯಾವ ವಿದ್ಯಾರ್ಥಿಯಾದರೂ ಇಷ್ಟರ ಮೇಲೆ ತೀರ್ಮಾನ ಬರೆದು ತಂದಿದ್ದರೆ ಅವನ ವರದಿಯನ್ನು ನಾನು ಮುಖಕ್ಕೇ ವಾಪಸು ಕೊಡುತ್ತಿದ್ದೆ.

"ಇತ್ತಪ್ಪಾ" ಎಂದೆ.

"ಖರೇನ?"

"ಖರೇನ. ಭಾಳ ಹಿಂದಿಂದು. ಅಮ್ಮನ ಆಪರೇಷನ್‌ಗಿಂತ ಎಷ್ಟೋ ಮೊದಲಿಂದು. ಇಲ್ಲಿ ನೋಡ್ರಿ, ಈ ಹಸಿರು ಅದ ಅಲ್ಲ, ಅಷ್ಟು ಕೂಡಬೇಕಂದ್ರ ಭಾಳ ವರ್ಷ ಬೇಕು."

ಅಪ್ಪ ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದರು. ಕಾಲುವೆ ಆಫೀಸಿನಲ್ಲಿ ಜೀವಮಾನವೆಲ್ಲ ರೈತರ ಅಹವಾಲು ಕೇಳಿದವರು. ಎದುರಿಗಿರುವವರು ಹೇಳುತ್ತಿರುವುದು ಎಂಥದ್ದೆಂದು ಅವರಿಗೆ ತಿಳಿಯದೆ ಇರುತ್ತದೆಯೇ? ನಂಬಿದರೋ, ನಂಬಬೇಕೆಂದು ತೀರ್ಮಾನಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಹಂಗಾದ್ರ ಆತಗ ಕೇಳಿಸಿರಲಿಲ್ಲ" ಎಂದರು. ಆಮೇಲೆ ಆರಿದ ಚಹಾ ಕುಡಿದರು.

ಮರುದಿನ ಬೆಳಿಗ್ಗೆ ನಾನೂ ತಲೆಗೆ ನೀರು ಹಾಕಿಕೊಂಡು ದೇವರ ಮನೆಗೆ ಹೋದೆ. ಅಪ್ಪ ಗೂಡಿನಿಂದ ಮೂರ್ತಿಯನ್ನು ತಂದು ಪೀಠದ ಮೇಲೆ ನಿಲ್ಲಿಸಿದ್ದರು. ಹೊಸ ಮಾವಿನೆಲೆ, ಹೊಸ ದರ್ಭೆ. ಮಂತ್ರ ಹೇಳುವಾಗ ಧ್ವನಿ ಸರಿಯಾಗಿತ್ತು, ಕೈಯೇ ಮಾತು ಕೇಳುತ್ತಿರಲಿಲ್ಲ. ಕಲಶದ ನೀರನ್ನು ಮೂರ್ತಿಯ ತಲೆಗೆ ಎರೆಯಬೇಕಾದಾಗ ಬಿಂದಿಗೆ ಅಲುಗಹತ್ತಿತು. ನಾನು ಹಿಂದಿನಿಂದ ಅವರ ಮಣಿಕಟ್ಟು ಹಿಡಿದೆ. ಹೆಣ್ಣುಮಕ್ಕಳು ಹಿಡಿಯಬಹುದೇ ಎಂದು ಅವರೂ ಕೇಳಲಿಲ್ಲ. ನೀರು ವೇಣುಗೋಪಾಲನ ತಲೆ, ಭುಜ, ಬೆಸೆದ ಕೈಯ ಮೇಲಿಂದ ಇಳಿದು ತೂಬಿನತ್ತ ಹರಿಯಿತು. ಅವತ್ತೂ ಅಪ್ಪ ಹಾಡಲಿಲ್ಲ. ಆದರೆ ಒರೆಸುವಾಗ, ಮಕ್ಕಳ ತಲೆ ಒರೆಸುವ ಹಾಗೆ, ಬಹಳ ಹೊತ್ತು ಒರೆಸಿದರು.

ಅಷ್ಟಮಿಗೆ ಎಲ್ಲರೂ ಬಂದರು. ಹಂಪಿಯ ಅಣ್ಣ ದೀಪದ ಬೆಳಕಿನಲ್ಲಿ ಹತ್ತಿರದಿಂದ ನೋಡಿ, "ಕಾಕಾ, ಸ್ವಾಮಿ ಈ ಸರ್ತಿ ಮಸ್ತ್ ಹೊಳೀತಾನ" ಎಂದ. ಬೆಸುಗೆ ಅವನಿಗೆ ಕಾಣಲಿಲ್ಲ. ಊಟವಾದ ಮೇಲೆ ಮೂರ್ತಿಯ ಮಾತು ತೆಗೆದ. ಅಪ್ಪ "ಕೈ ಇರೋತನಕ ಇರ್ಲಿ ಬಿಡಪ್ಪಾ" ಎಂದು ಹಳೆಯ ಮಾತನ್ನೇ ಆಡಿದರು. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡ ನನಗೆ ಕಣ್ಣು ತುಂಬಿತು.

ಈಗಲೂ ದಿನಾ ಬೆಳಿಗ್ಗೆ ನಾನು ಮಣಿಕಟ್ಟು ಹಿಡಿಯುತ್ತೇನೆ, ಅಪ್ಪ ನೀರೆರೆಯುತ್ತಾರೆ. ಬೆಸುಗೆ ಗಟ್ಟಿಯಾಗಿದೆ. ನಮ್ಮ ಮನೆಗೆ ಸಿಕ್ಕಿರುವ ಸಮಾಧಾನ ಇಷ್ಟೇ: ಅಮ್ಮನಿಗಾಗಿ ಅಪ್ಪ ಬೇಡಿಕೊಂಡಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಆ ಸಮಾಧಾನವನ್ನು ಮಾಡಿಕೊಟ್ಟವಳು ನಾನು. ಅದು ಸುಳ್ಳಾಗಿದ್ದರೆ ಕೇಳಿಯೂ ಕೊಡದವನಿಗೆ ನಾವಿಬ್ಬರೂ ಕೂಡಿ ಸ್ನಾನ ಮಾಡಿಸುತ್ತಿದ್ದೇವೆ. ನಿಜವಾಗಿದ್ದರೆ ಅಮ್ಮ ಹೇಳಿದಂತೆ ಅಪ್ಪ ಇಡೀ ದಿನ ಕೂತಿದ್ದು ಖಾಲಿ ಲೋಹದ ಮುಂದೆ. ಇದರಲ್ಲಿ ಯಾವುದು ಹಗುರ ಎಂದು ಅಪ್ಪ ಆರಿಸಿಕೊಂಡರು. ನನಗೆ ಆರಿಸಿಕೊಳ್ಳಲು ಆಗಿಲ್ಲ.

ಮೊನ್ನೆ ಕುರೆಕುಪ್ಪದಿಂದ ಬರುವ ವಿದ್ಯಾರ್ಥಿಯೊಬ್ಬ, ಮುರಿದ ಬೂದಿ ಅಲ್ಯೂಮಿನಿಯಂ ತುಂಡನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದು, "ಮೇಡಂ, ಈ ಕ್ರ್ಯಾಕ್ ಯಾವಾಗ ಸ್ಟಾರ್ಟ್ ಆಗೈತ್ರಿ?" ಎಂದು ಕೇಳಿದ.

"ಎಲ್ಲಿಂದ ಅಂತ ಕೇಳು, ಹೇಳ್ತೀನಿ. ಯಾವಾಗ ಅಂತ ಹೇಳಾಕ ಬರಂಗಿಲ್ಲ" ಎಂದೆ. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಽ ಬರಿ."

ಅವನು ಹಾಗೇ ಬರೆದುಕೊಂಡ.